ಗೋ ಆಟದಲ್ಲಿ ನಿಮ್ಮ ಶೈಲಿಯನ್ನು ನಿಮ್ಮ ಆಟಗಳಲ್ಲೇ ಹುಡುಕಿ

ಗೋ ಎಂದರೆ ಕಪ್ಪು, ಬಿಳಿ ಕಾಯಿಗಳನ್ನಿಟ್ಟು ಮಣೆಯ ಮೇಲೆ ನೆಲ ಸುತ್ತುವ ಆಟ. ಜಪಾನಿನ ಆಟಗಾರ ಕಿತಾನಿ ಮಿನೋರು (1909–1975) ಅವರ ಗುರುಕುಲದಲ್ಲಿ ಬೆಳೆದವರೇ 1970 ಮತ್ತು 80ರ ದಶಕಗಳಲ್ಲಿ ಜಪಾನಿನ ದೊಡ್ಡ ಗೋ ಪ್ರಶಸ್ತಿಗಳನ್ನು ಬಹುಪಾಲು ಹಂಚಿಕೊಂಡರು. ಗುರು ಒಬ್ಬರೇ, ಅಭ್ಯಾಸದ ಕಟ್ಟುನಿಟ್ಟೂ ಒಂದೇ. ಆದರೆ ಮಣೆಯ ಮುಂದೆ ಕೂತರೆ ಒಬ್ಬರಂತೆ ಇನ್ನೊಬ್ಬರಿಲ್ಲ. ತಾಕೆಮಿಯಾ ಮಸಾಕಿ ನಾಲ್ಕನೇ ಗೆರೆಯ ಚುಕ್ಕೆಗಳನ್ನು ಹಿಡಿದು ನಡುಮಣೆಯತ್ತ ಬೆಳೆಯುತ್ತಿದ್ದರು. ಕೊಬಾಯಾಶಿ ಕೋಇಚಿ ಸರಳವಾದ ನಡೆಗಳಲ್ಲಿ ನೆಲ ಕೂಡಿಸುತ್ತಿದ್ದರು. ಚೋ ಚಿಕುನ್ ಮೂಲೆ, ಬದಿಗಳನ್ನು ಮೊದಲೇ ಬಾಚಿಕೊಂಡು, ಆಮೇಲೆ ಎದುರಾಳಿಯ ಬಲವಾದ ಪ್ರದೇಶದೊಳಗೆ ನುಗ್ಗಿ ಅಲ್ಲೇ ಬದುಕಿ ತೋರಿಸುತ್ತಿದ್ದರು. ಕಾತೊ ಮಸಾವೊ ಅವರಿಗೆ 'ಕಿಲ್ಲರ್' ಎಂದೂ, ಲೆಕ್ಕದ ನಿಖರತೆಗೆ ಇಶಿದಾ ಯೋಶಿಯೊ ಅವರಿಗೆ 'ಕಂಪ್ಯೂಟರ್' ಎಂದೂ ಅಡ್ಡಹೆಸರು ಬಿದ್ದಿದ್ದವು.

ಓದುವ ಶಕ್ತಿ, ಅಂದರೆ ಮುಂದಿನ ನಡೆಗಳನ್ನು ಮನಸ್ಸಿನಲ್ಲೇ ಕಾಣುವ ಶಕ್ತಿ, ಇವರೆಲ್ಲರಿಗೂ ಇತ್ತು. ಎರಡು ನಡೆಗಳು ಬೆಲೆಯಲ್ಲಿ ಹೆಚ್ಚುಕಡಿಮೆ ಸಮವಾಗಿದ್ದಾಗ ಯಾವುದನ್ನು ಎತ್ತಿಕೊಳ್ಳುತ್ತಿದ್ದರು ಎನ್ನುವಲ್ಲಿ ಮಾತ್ರ ಬೇರೆಯಾಗುತ್ತಿದ್ದರು. ಶೈಲಿ ಇರುವುದು ಅಷ್ಟರಲ್ಲೇ. ಒಂದು ನಡೆ 10 ಪಾಯಿಂಟ್ ಕಳೆಯುತ್ತದೆ, ಇನ್ನೊಂದು ಏನೂ ಕಳೆಯುವುದಿಲ್ಲ ಎಂದಾದರೆ ಅಲ್ಲಿ ಆಯ್ಕೆಯ ಮಾತೇ ಬರುವುದಿಲ್ಲ, ಮೊದಲನೆಯದು ತಪ್ಪು. 'ನನ್ನದು ಹೊಡೆದಾಟದ ಆಟ' ಎಂದು ಹೇಳಿಕೊಂಡು ಪ್ರತಿ ಸಲವೂ ಕಣ್ಣಿಲ್ಲದ (ತಾವೇ ಸುತ್ತುವರಿದ ಖಾಲಿ ಬಿಂದುವಿಲ್ಲದ, ಹಾಗಾಗಿ ಸಾಯಬಹುದಾದ) ಗುಂಪುಗಳನ್ನು ಬಿಟ್ಟು ಸೋಲುವವರು, 'ನಾನು ಶಾಂತವಾಗಿ ಆಡುತ್ತೇನೆ' ಎಂದು ಹೇಳಿಕೊಂಡು ಎದುರಾಳಿ ಕೇಳಿದ್ದನ್ನೆಲ್ಲ ಬಿಟ್ಟುಕೊಡುವವರು, ಇಬ್ಬರೂ ತಪ್ಪಿಗೆ ಶೈಲಿಯ ಹೆಸರಿಟ್ಟಿದ್ದಾರೆ. ಕೆಳಗಿನ ಹೆಜ್ಜೆಗಳ ಕೆಲಸ ತಪ್ಪನ್ನೂ ಶೈಲಿಯನ್ನೂ ಬೇರ್ಪಡಿಸುವುದು, ಉಳಿದದ್ದನ್ನು ಗಟ್ಟಿಮಾಡುವುದು.

ಇದು ಸುಮಾರು 12 ಕ್ಯು ಮಟ್ಟ ದಾಟಿದವರಿಗೆ (ಕ್ಯು ಕಲಿಯುವವರ ದರ್ಜೆ, ಸಂಖ್ಯೆ ಇಳಿದಷ್ಟೂ ಮಟ್ಟ ಮೇಲು). ಅದಕ್ಕಿಂತ ಕೆಳಗಿದ್ದರೆ 9×9 ಮತ್ತು 13×13 ಮಣೆಗಳಲ್ಲಿ ಕಾಯಿ ಹಿಡಿಯುವುದು, ಎರಡು ಕಣ್ಣು ಮಾಡುವುದು ಪಳಗಲಿ. ಆ ಹಂತದಲ್ಲಿ ಶೈಲಿಯ ಚಿಂತೆ ಬೇಡ. ಚೆಸ್‌ನಿಂದ ಗೋಗೆ ಬರುವವರಿಗೆ ಒಂದು ಮಾತು. ಚೆಸ್‌ನಲ್ಲಿ ರಾಜನನ್ನು ಬೇಟೆಯಾಡುವ ಅಭ್ಯಾಸ ಇಲ್ಲಿ ಎದುರಾಳಿಯ ಗುಂಪನ್ನು ಕೊಂದೇ ತೀರುವ ಹಟವಾಗಿ ಬದಲಾಗುತ್ತದೆ. ಗೋದಲ್ಲಿ ಗೆಲ್ಲುವುದಕ್ಕೆ ಯಾರನ್ನೂ ಕೊಲ್ಲಬೇಕಾಗಿಲ್ಲ, ಅರ್ಧ ಪಾಯಿಂಟ್ ಹೆಚ್ಚಿದ್ದರೆ ಸಾಕು. ಈ ಹಟವನ್ನು ನಿಮ್ಮ ಶೈಲಿಯೆಂದು ಬೇಗ ಒಪ್ಪಿಕೊಂಡುಬಿಡಬೇಡಿ.

ಹೆಜ್ಜೆ 1: ಇಪ್ಪತ್ತು ಆಟಗಳನ್ನು ಆರಿಸಿ

ನೀವು ಆಡಿದ 20 ಆಟಗಳ ದಾಖಲೆ ಬೇಕು. ಸರ್ವರ್‌ನಲ್ಲಿ ಆಡಿದ್ದರೆ ಎಸ್‌ಜಿಎಫ್ ಕಡತವಾಗಿ ಇಳಿಸಿಕೊಳ್ಳಬಹುದು. ಮರದ ಮಣೆಯ ಮೇಲೆ ಆಡಿದ್ದರೆ ಮೊದಲ 100 ನಡೆಗಳನ್ನಾದರೂ ಬರೆದಿಟ್ಟುಕೊಂಡಿರಬೇಕು.

ಆರಿಸುವಾಗ ಸಡಿಲ ಬಿಡಬೇಡಿ. 19×19 ಮಣೆ, ಹ್ಯಾಂಡಿಕ್ಯಾಪ್ (ದುರ್ಬಲರಿಗೆ ಮೊದಲೇ ಕೊಡುವ ಹೆಚ್ಚಿನ ಕಪ್ಪು ಕಾಯಿಗಳು) ಇಲ್ಲದ ಸಮಬಲದ ಆಟ, ಎದುರಾಳಿ ನಿಮಗಿಂತ ಎರಡು ದರ್ಜೆ ಮೇಲೆ ಅಥವಾ ಕೆಳಗೆ, ಅದಕ್ಕಿಂತ ದೂರ ಬೇಡ, ಒಬ್ಬೊಬ್ಬರಿಗೂ ಕನಿಷ್ಠ 20 ನಿಮಿಷ. ಐದು ನಿಮಿಷದ ಆಟಗಳಲ್ಲಿ ಕಾಣುವುದು ಕೈಯ ಅಭ್ಯಾಸ, ಆಲೋಚಿಸಿ ಮಾಡಿದ ಆಯ್ಕೆ ಅಲ್ಲಿ ಸಿಗುವುದಿಲ್ಲ. ಹ್ಯಾಂಡಿಕ್ಯಾಪ್ ಆಟಗಳೂ ದಾರಿ ತಪ್ಪಿಸುತ್ತವೆ: ಬಿಳಿ ಹಿಡಿದವರು ಇಲ್ಲದ ಜಗಳ ತೆಗೆಯಲೇಬೇಕು, ಕಪ್ಪು ಹಿಡಿದವರು ಇದ್ದದ್ದನ್ನು ಕಾಯಲೇಬೇಕು. ಕಪ್ಪು ಹತ್ತು, ಬಿಳಿ ಹತ್ತು, ಗೆದ್ದವು ಹತ್ತು, ಸೋತವು ಹತ್ತು ಎಂಬಂತೆ ಬೆರೆಸಿ. ಗೆದ್ದ ಆಟಗಳನ್ನಷ್ಟೇ ನೋಡಿದರೆ ನಿಮಗೆ ಇಷ್ಟವಾದ ಚಿತ್ರ ಸಿಗುತ್ತದೆ, ನಿಜವಾದದ್ದು ಸಿಗುವುದಿಲ್ಲ.

ಹೆಜ್ಜೆ 2: ಕಂಪ್ಯೂಟರ್ ತೆರೆಯುವ ಮೊದಲು ಕೈಯಲ್ಲಿ ಎಣಿಸಿ

ಒಂದು ನೋಟ್‌ಬುಕ್‌ನಲ್ಲಿ ಆಟಕ್ಕೊಂದು ಸಾಲು, ಐದು ಕಂಬ ಎಳೆಯಿರಿ. ಒಂದು ಆಟಕ್ಕೆ ಹದಿನೈದು ನಿಮಿಷ ಸಾಕು.

ಮೊದಲ ಕಂಬದಲ್ಲಿ ಗೆರೆಯ ಲೆಕ್ಕ. ಆಟದ ಮೊದಲ 50 ನಡೆಗಳಲ್ಲಿ ನಿಮ್ಮವು 25. ಅವುಗಳಲ್ಲಿ ಅಂಚಿನಿಂದ ಮೂರನೇ ಗೆರೆ ಅಥವಾ ಅದಕ್ಕಿಂತ ಕೆಳಗೆ ಎಷ್ಟು, ನಾಲ್ಕನೇ ಗೆರೆ ಅಥವಾ ಅದಕ್ಕಿಂತ ಮೇಲೆ ಎಷ್ಟು ಎಂದು ಬರೆಯಿರಿ. ಎರಡನೇ ಕಂಬದಲ್ಲಿ ಮೊದಲ ಕಡಿತ: ಎದುರಾಳಿಯ ಎರಡು ಕಾಯಿಗಳ ನಡುವೆ ಹೊಕ್ಕು ಅವುಗಳನ್ನು ಬೇರ್ಪಡಿಸಿದವರು ಮೊದಲು ಯಾರು, ಎಷ್ಟನೇ ನಡೆಯಲ್ಲಿ. ಮೂರನೆಯದರಲ್ಲಿ, 100ನೇ ನಡೆಯ ಹೊತ್ತಿಗೆ ಎರಡು ಕಣ್ಣು ಖಚಿತವಾಗಿಲ್ಲದ ನಿಮ್ಮ ಗುಂಪುಗಳು ಎಷ್ಟು, ಎದುರಾಳಿಯವು ಎಷ್ಟು. ನಾಲ್ಕನೆಯದರಲ್ಲಿ ತೆನುಕಿಗಳ ಸಂಖ್ಯೆ, ಅಂದರೆ ಎದುರಾಳಿ ಆಡಿದ ಜಾಗವನ್ನು ಬಿಟ್ಟು ನೀವು ಬೇರೆ ಕಡೆ ಆಡಿದ್ದು ಎಷ್ಟು ಸಲ. ಐದನೆಯದರಲ್ಲಿ ಆಟ ಮುಗಿದ ಬಗೆ: ಎಣಿಕೆಯವರೆಗೆ ಹೋಯಿತೇ, ಅದಕ್ಕೆ ಮೊದಲೇ ಯಾರಾದರೂ ಸೋಲೊಪ್ಪಿದರೇ, ಎಷ್ಟನೇ ನಡೆಗೆ.

ಇಪ್ಪತ್ತೂ ಆಟ ತುಂಬಿದ ಮೇಲೆ ಕಂಬಗಳನ್ನು ಮೇಲಿನಿಂದ ಕೆಳಕ್ಕೆ ಓದಿ. ಒಂದೆರಡು ಆಟಗಳಲ್ಲಿ ಮಾತ್ರ ಕಂಡದ್ದಕ್ಕೆ ಬೆಲೆ ಕೊಡಬೇಡಿ. ಹದಿಮೂರು ಹದಿನಾಲ್ಕು ಆಟಗಳಲ್ಲಿ ಮರಳಿ ಬಂದದ್ದು ಮಾತ್ರ ಒಲವು. ಹೆಚ್ಚಿನವರಿಗೆ ನಾಲ್ಕನೇ ಕಂಬ ಆಶ್ಚರ್ಯ ತರುತ್ತದೆ: 50 ನಡೆಗಳಲ್ಲಿ ತೆನುಕಿ ಎರಡೇ ಸಲ ಇದ್ದರೆ, ಆಟವನ್ನು ಆಡಿಸುತ್ತಿರುವವರು ಎದುರಾಳಿ. ಆ ಸ್ಥಿತಿಯಲ್ಲಿ ಶೈಲಿಯ ಮಾತಿಗೆ ಅರ್ಥವಿಲ್ಲ. ಒಂದು ತಿಂಗಳು ಪ್ರತಿ ನಡೆಗೂ 'ಇಲ್ಲಿ ಉತ್ತರ ಕೊಡದಿದ್ದರೆ ಏನಾಗುತ್ತದೆ?' ಎಂದು ಕೇಳಿಕೊಂಡು ಆಡಿ, ಆಮೇಲೆ ಹೊಸ ಇಪ್ಪತ್ತು ಆಟಗಳನ್ನು ಎಣಿಸಿ.

ಹೆಜ್ಜೆ 3: ಕಟಾಗೋದಿಂದ ತಪ್ಪನ್ನೂ ಆಯ್ಕೆಯನ್ನೂ ಬೇರ್ಪಡಿಸಿ

ಕಟಾಗೋ ಗೋ ಆಡುವ, ಆಟವನ್ನು ಅಳೆದು ತೋರಿಸುವ ಉಚಿತವಾದ ಮುಕ್ತ ತಂತ್ರಾಂಶ. ಅದನ್ನು ಒಳಗೊಂಡ ಕಾಟ್ರೇನ್ ಎಂಬ ಪ್ರೋಗ್ರಾಂ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಪ್ರತಿ ನಡೆಗೆ 500ರಿಂದ 1000 ವಿಸಿಟ್ (ಯಂತ್ರ ಮುಂದಿನ ಸಾಧ್ಯತೆಗಳನ್ನು ನೋಡುವ ಸಲ) ಇಟ್ಟರೆ ನಮ್ಮ ಕೆಲಸಕ್ಕೆ ಸಾಕು. ಕೊಮಿ (ಎರಡನೆಯದಾಗಿ ಆಡುವ ಬಿಳಿಗೆ ಕೊಡುವ ಪಾಯಿಂಟ್) ಮತ್ತು ನಿಯಮ ಸರಿಯಾಗಿವೆಯೇ ಎಂದು ಮೊದಲು ನೋಡಿ: ಜಪಾನ್ ಎಣಿಕೆಗೆ 6.5, ಚೀನಾ ಎಣಿಕೆಗೆ 7.5. ಅದು ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ವಾಲುತ್ತದೆ.

ಗೆಲುವಿನ ಶೇಕಡಾವಾರನ್ನು ನೋಡಬೇಡಿ, ಪಾಯಿಂಟ್ ನಷ್ಟವನ್ನು ನೋಡಿ. ಸಮನಾಗಿ ಸಾಗುತ್ತಿರುವ ಆಟದಲ್ಲಿ ಒಂದೂವರೆ ಪಾಯಿಂಟ್ ಹೋದರೂ ಶೇಕಡಾವಾರು ಎದೆ ಧಸಕ್ಕೆನ್ನುವಷ್ಟು ಇಳಿಯುತ್ತದೆ. ಅದು ಯಂತ್ರ ಯಂತ್ರದ ಜೊತೆ ಆಡಿದಾಗಿನ ಲೆಕ್ಕ. ನಿಮ್ಮ ಮಟ್ಟದ ಆಟದಲ್ಲಿ ಮಧ್ಯದ ಹೊತ್ತಿಗೆ ಒಂದೇ ತಪ್ಪಿಗೆ 10 ಪಾಯಿಂಟ್ ಹೋಗುವುದು ಸಾಮಾನ್ಯ.

ನಿಮ್ಮ ಪ್ರತಿ ನಡೆಯನ್ನೂ ಹೀಗೆ ವಿಂಗಡಿಸಿ. ಯಂತ್ರದ ಮೊದಲ ಆಯ್ಕೆಗಿಂತ 1 ಪಾಯಿಂಟ್ ಒಳಗೆ ಕಡಿಮೆ ಇದ್ದರೆ ಅದು ಆಯ್ಕೆ. ಶೈಲಿ ಹುಡುಕಬೇಕಾದದ್ದು ಇಲ್ಲಿ. 1ರಿಂದ 4 ಪಾಯಿಂಟ್ ನಷ್ಟವಿದ್ದರೆ ಪಕ್ಕಕ್ಕಿಡಿ. 4ಕ್ಕಿಂತ ಹೆಚ್ಚಿದ್ದರೆ ತಪ್ಪು. ಈಗ ಎರಡನೇ ಹೆಜ್ಜೆಯಲ್ಲಿ ನೀವು 'ಒಲವು' ಎಂದು ಬರೆದುಕೊಂಡ ನಡೆಗಳು ಯಾವ ಗುಂಪಿಗೆ ಬೀಳುತ್ತವೆ ನೋಡಿ. ನೀವು ಮಾಡಿದ ಮೊದಲ ಕಡಿತಗಳಲ್ಲಿ ಹೆಚ್ಚಿನವು 1 ಪಾಯಿಂಟ್ ಒಳಗಿದ್ದರೆ ನೀವು ನಿಜವಾಗಿಯೂ ಹೊಡೆದಾಟದ ಆಟಗಾರರು. ಅವೇ 5, 8, 12 ಪಾಯಿಂಟ್ ಕಳೆಯುತ್ತಿದ್ದರೆ ಕಡಿಯುವ ಆಸೆ ಇದೆ, ಕಡಿದ ಮೇಲೆ ಏನು ಮಾಡಬೇಕೆಂಬುದು ಗೊತ್ತಿಲ್ಲ ಎಂದರ್ಥ.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಯಂತ್ರ ತೋರಿಸಿದ ಮೊದಲ ನಡೆಯನ್ನು ಕಂಡಕೂಡಲೇ ಅದನ್ನೇ ಮುಂದಿನ ಆಟದಲ್ಲಿ ಆಡುತ್ತಾರೆ. ಆ ನಡೆಯ ಹಿಂದೆ ಮೂವತ್ತು ನಡೆಗಳ ಕರಾರುವಾಕ್ಕಾದ ಮುಂದುವರಿಕೆ ಇರಬಹುದು. ಯಂತ್ರಕ್ಕೆ 0.4 ಪಾಯಿಂಟ್ ಕಡಿಮೆ ಎನಿಸಿದ, ಆದರೆ ಮುಂದೇನೆಂದು ನಿಮಗೆ ತಿಳಿದಿರುವ ನಡೆಯೇ ನಿಮ್ಮ ಪಾಲಿಗೆ ಒಳ್ಳೆಯ ನಡೆ.

ಹೆಜ್ಜೆ 4: ಒಲವಿಗೆ ಹೆಸರಿಡಿ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ

ಮೂರು ಪ್ರಶ್ನೆಗಳಿಗೆ ನಿಮ್ಮ ನೋಟ್‌ಬುಕ್ ಉತ್ತರ ಕೊಡಬೇಕು. ನೆಲವೋ ಪ್ರಭಾವವೋ? ಜಗಳವೋ ಹೊಂದಾಣಿಕೆಯೋ? ವೇಗವೋ ಗಟ್ಟಿತನವೋ?

ಮೊದಲನೆಯದಕ್ಕೆ ತಾಕೆಮಿಯಾ ಮತ್ತು ಚೋ ಅವರ ಆಟಗಳಿಗಿಂತ ಒಳ್ಳೆಯ ಪಾಠವಿಲ್ಲ. ತಾಕೆಮಿಯಾ 1985ರಿಂದ 1988ರವರೆಗೆ ಸತತ ನಾಲ್ಕು ವರ್ಷ ಜಪಾನಿನ ಹೋನಿನ್‌ಬೋ ಪ್ರಶಸ್ತಿ ಉಳಿಸಿಕೊಂಡಿದ್ದರು. 1989ರಲ್ಲಿ ಅದನ್ನು ಕಿತ್ತುಕೊಂಡವರು ಚೋ, ಆಮೇಲೆ 1998ರವರೆಗೆ ಹತ್ತು ವರ್ಷ ಬಿಡಲಿಲ್ಲ. ಒಬ್ಬರು ನಡುಮಣೆಯಲ್ಲಿ ಮೊಯೊ, ಅಂದರೆ ಇನ್ನೂ ನೆಲವಾಗದ ದೊಡ್ಡ ಚೌಕಟ್ಟು ಕಟ್ಟುತ್ತಾರೆ. ಇನ್ನೊಬ್ಬರು ಅದನ್ನು ಕಟ್ಟಲು ಬಿಟ್ಟು ಒಳಗೆ ಇಳಿಯುತ್ತಾರೆ. ತಾಕೆಮಿಯಾ ಅವರ ಆಟವನ್ನು ನಕಲು ಮಾಡುವವರು ಗಮನಿಸದೇ ಹೋಗುವ ವಿಷಯ ಒಂದಿದೆ. ಆ ದೊಡ್ಡ ಚೌಕಟ್ಟು ಪೂರ್ತಿ ನೆಲವಾಗುವುದು ಅಪರೂಪ. ಒಳಗೆ ಬಂದವರನ್ನು ಅಟ್ಟಿಸುತ್ತಾ ಹೋದಾಗ ಅಕ್ಕಪಕ್ಕದಲ್ಲಿ ಬೀಳುವ ಕಾಯಿಗಳಿಂದ ಅವರಿಗೆ ಲಾಭ ಬರುತ್ತಿತ್ತು. ದಾಳಿ ಮಾಡಲು ಬಾರದವರಿಗೆ ಮೊಯೊ ಬರೀ ಖಾಲಿ ಜಾಗ.

ವೇಗ ಮತ್ತು ಗಟ್ಟಿತನಕ್ಕೆ ಕೊರಿಯಾದ ಗುರುಶಿಷ್ಯರನ್ನು ನೋಡಿ. ಚೋ ಹುನ್‌ಹ್ಯುನ್ ಅವರದು ಹಗುರ, ಚುರುಕು, ಎಲ್ಲೆಡೆ ಒಂದು ಹೆಜ್ಜೆ ಮುಂದೆ. ಅವರ ಮನೆಯಲ್ಲೇ ಇದ್ದು ಕಲಿತ ಲೀ ಚಾಂಗ್‌ಹೋ (ಜನನ 1975) ನಿಧಾನ, ದಪ್ಪ, ಎಲ್ಲಿಯೂ ಬಿರುಕಿಲ್ಲ. 'ಕಲ್ಲಿನ ಬುದ್ಧ' ಎಂದೇ ಹೆಸರು. ಕೊನೆಯ ಹಂತದಲ್ಲಿ ಒಂದೊಂದೇ ಪಾಯಿಂಟ್ ಕೂಡಿಸಿ ಅರ್ಧ ಪಾಯಿಂಟ್‌ನಲ್ಲಿ ಗೆಲ್ಲುತ್ತಿದ್ದ ಈ ಹುಡುಗ ಹದಿಹರೆಯದಲ್ಲೇ ಗುರುವಿನ ಪ್ರಶಸ್ತಿಗಳನ್ನು ಗೆಲ್ಲತೊಡಗಿದರು.

ನಿಮ್ಮ ಒಲವಿಗೆ ಹತ್ತಿರವಿರುವ ಒಬ್ಬರನ್ನು ಆರಿಸಿ. ಒಬ್ಬರೇ ಸಾಕು. ಅವರ 30 ಆಟಗಳನ್ನು ನಿಜವಾದ ಮಣೆಯ ಮೇಲೆ ಕಾಯಿ ಇಟ್ಟು ಆಡಿ ನೋಡಿ, ಆಟಕ್ಕೆ ಅರ್ಧ ಗಂಟೆ, ಮೊದಲ 100 ನಡೆ. 30ನೇ ನಡೆಯಿಂದ ಮುಂದೆ, ನಿಮ್ಮ ಆಟಗಾರರ ಪ್ರತಿ ನಡೆಗೂ ಮುಂಚೆ ದಾಖಲೆಯನ್ನು ಮುಚ್ಚಿ ನೀವೇ ಒಂದು ಜಾಗ ಊಹಿಸಿ. ಸರಿಯಾದದ್ದಕ್ಕಿಂತ ತಪ್ಪಿದ್ದು ಮುಖ್ಯ: ನೀವು ಕಾಯಲು ಹೊರಟಾಗ ಅವರು ದಾಳಿ ಮಾಡಿದರೇ, ನೀವು ದಾಳಿ ಮಾಡಲು ಹೊರಟಾಗ ಅವರು ಬೇರೆಡೆಗೆ ಹೋದರೇ ಎಂದು ಅಂಚಿನಲ್ಲಿ ಒಂದು ಪದ ಬರೆಯಿರಿ. ಹತ್ತು ಆಟವಾಗುವಷ್ಟರಲ್ಲಿ ಅದೇ ಪದ ಮತ್ತೆ ಮತ್ತೆ ಬರುತ್ತಿರುವುದು ಕಾಣುತ್ತದೆ. ಅವರನ್ನು ಹೋಲುವ ನಿಮ್ಮ ಆಟದಲ್ಲಿ ಅವರಿಗಿರುವ ಯಾವ ತುಂಡು ಇಲ್ಲ ಎನ್ನುವುದು ಅದರಿಂದ ಗೊತ್ತಾಗುತ್ತದೆ.

ಹೆಜ್ಜೆ 5: ಒಲವಿಗೆ ತಕ್ಕ ಆರಂಭ, ಮೂವತ್ತು ಆಟ ಬದಲಿಸದೆ

ಪ್ರಭಾವದವರಿಗೆ: ಕಪ್ಪು ಹಿಡಿದಾಗ ಒಂದೇ ಬದಿಯ ಮೂರು ಚುಕ್ಕೆಗಳನ್ನು ಹಿಡಿಯುವ ಸಾನ್‌ರೆನ್‌ಸೆಯಿ. ಬಿಳಿ ಹೊರಗಿನಿಂದ ನಿಮ್ಮ ಮೂಲೆಗೆ ಹತ್ತಿರ ಬಂದರೆ ಒಂದು ಮನೆ ಬಿಟ್ಟು ಜಿಗಿದು ಉತ್ತರಿಸಿ, ಚೌಕಟ್ಟು ನಡುವಿನತ್ತ ಏಳುತ್ತದೆ. ಬಿಳಿ ಮೂಲೆಯ 3-3 ಬಿಂದುವಿಗೆ (ಎರಡೂ ಅಂಚಿನಿಂದ ಮೂರನೇ ಗೆರೆ) ನುಗ್ಗಿದರೆ ನಿಮ್ಮ ಮೊಯೊ ಇರುವ ಬದಿಯಿಂದ ತಡೆಯಬೇಕು. ತಪ್ಪು ಬದಿಯಿಂದ ತಡೆದರೆ ಗೋಡೆ ಪಾಳುನೆಲದತ್ತ ಮುಖ ಮಾಡಿ ನಿಲ್ಲುತ್ತದೆ. 2016ರ ನಂತರ, ಗೋ ಆಡುವ ಯಂತ್ರ ಆಲ್ಫಾಗೋ ಬಂದ ಮೇಲೆ, ಆಟದ ಆರಂಭದಲ್ಲೇ 3-3ಕ್ಕೆ ನುಗ್ಗುವುದು ವೃತ್ತಿಪರರಲ್ಲೂ ರೂಢಿಯಾಗಿದೆ. ಹಾಗಾಗಿ ಮೂರು ಚುಕ್ಕೆಯ ಆರಂಭ ಈಗ ಮೇಲಿನ ಮಟ್ಟದಲ್ಲಿ ಕಡಿಮೆ. ಕ್ಯು ಮಟ್ಟದಲ್ಲಿ ಮತ್ತು ಅದರ ಮೇಲಿನ ದರ್ಜೆಯಾದ ಮೊದಲ ಡಾನ್‌ಗಳಲ್ಲಿ ಇದು ಇಂದಿಗೂ ಆಡಬಹುದಾದ ಆರಂಭ, ದಾಳಿ ಕಲಿಯಲು ಒಳ್ಳೆಯ ಶಾಲೆ ಕೂಡ.

ನೆಲದವರಿಗೆ: ಮೂಲೆಯಲ್ಲಿ 3-4 ಬಿಂದು, ಅವಕಾಶ ಸಿಕ್ಕಕೂಡಲೇ ಕುದುರೆ ನಡೆಯ ಶಿಮಾರಿಯಿಂದ, ಅಂದರೆ ಎರಡನೇ ಕಾಯಿಯಿಂದ, ಮೂಲೆ ಮುಚ್ಚುವುದು. ಎರಡು ಕಾಯಿಗಳಲ್ಲಿ ಮೂಲೆ ನಿಮ್ಮದು. ಕೊಬಾಯಾಶಿ ಅವರ ಹೆಸರಿನ ಆರಂಭವನ್ನೂ ನೋಡಬಹುದು: ಒಂದು ಮೂಲೆ ಚುಕ್ಕೆ, ಇನ್ನೊಂದು 3-4, ಐದನೇ ನಡೆಗೆ ಎದುರಾಳಿಯ ಮೂಲೆಯ ಮೇಲೆ ಬದಿಯಿಂದ ಒತ್ತಡ. ಅವರು 1986ರಿಂದ 1993ರವರೆಗೆ ಎಂಟು ವರ್ಷ ಕಿಸೆಯಿ ಪ್ರಶಸ್ತಿಯನ್ನು ಸತತವಾಗಿ ಗೆದ್ದದ್ದು ಇಂಥ ಸ್ವಚ್ಛ ಆಟದಿಂದ.

ಹೊಡೆದಾಟದವರಿಗೆ: ಕಪ್ಪು ಹಿಡಿದು ಎದುರುಬದುರು ಮೂಲೆಗಳನ್ನು ಕರ್ಣದಲ್ಲಿ ಹಿಡಿಯಿರಿ. ಯಾರಿಗೂ ದೊಡ್ಡ ಚೌಕಟ್ಟು ಕಟ್ಟಲಾಗದ ಕಾರಣ ಆಟ ಬೇಗ ಕೈಕೈ ಮಿಲಾಯಿಸುತ್ತದೆ. ಚೀನೀ ಆರಂಭವೂ ಸರಿ. ನಿಮ್ಮ ಬದಿಗೆ ಎದುರಾಳಿ ಇಳಿದರೆ ದಾಳಿ ತಾನಾಗಿ ಶುರುವಾಗುತ್ತದೆ.

ಹೊಂದಾಣಿಕೆಯವರಿಗೆ ವಿಶೇಷ ಆರಂಭ ಬೇಕಿಲ್ಲ: ಒಂದು ಚುಕ್ಕೆ, ಒಂದು ಶಿಮಾರಿ, ಸರಳ ಜೋಸೆಕಿ (ಮೂಲೆಯಲ್ಲಿ ರೂಢಿಯಾದ ನಡೆಗಳ ಸಾಲು). ಆದರೆ ಕಪ್ಪು ಹಿಡಿದಾಗ ಕೊಮಿಯನ್ನು ನೆನಪಿಡಿ. ಬಿಳಿಗೆ ಈಗಾಗಲೇ 6.5 ಸಿಕ್ಕಿದೆ; ಮಣೆಯ ಮೇಲೆ ಎಲ್ಲವೂ ಸಮಸಮ ಹಂಚಿಕೆಯಾದರೆ ಸೋಲುವುದು ಕಪ್ಪು.

ಬಿಳಿ ಹಿಡಿದಾಗ ಆಟದ ದಿಕ್ಕನ್ನು ಅರ್ಧ ಎದುರಾಳಿಯೇ ನಿರ್ಧರಿಸುತ್ತಾರೆ. ಎರಡೂ ಮೂಲೆಗೆ ಚುಕ್ಕೆ ಇಟ್ಟುಕೊಂಡು ಕಾಯುವುದು ಎಲ್ಲ ಶೈಲಿಗೂ ಒಗ್ಗುತ್ತದೆ.

ಒಂದು ಆರಂಭವನ್ನು 30 ಆಟಗಳಿಗಿಂತ ಮೊದಲು ಬಿಡಬೇಡಿ. ನಾಲ್ಕು ಸೋಲಾದೊಡನೆ ಬದಲಿಸುವವರಿಗೆ ಅದರ ಮಧ್ಯದಾಟ ಹೇಗಿರುತ್ತದೆಂದು ಎಂದೂ ತಿಳಿಯುವುದಿಲ್ಲ, ಮತ್ತು ಆ ನಾಲ್ಕು ಸೋಲುಗಳು ಆರಂಭದಿಂದ ಬಂದಿರುವುದೂ ವಿರಳ.

ಹೆಜ್ಜೆ 6: ಪ್ರತಿ ಶೈಲಿಗೂ ಅದರದೇ ಸೋಲು

ನೆಲದ ಆಟಗಾರರು ಸೋಲುವುದು ಎರಡನೇ ಗೆರೆಯಲ್ಲಿ ತೆವಳಿ. ಅಲ್ಲಿ ನೀವಿಡುವ ಪ್ರತಿ ಕಾಯಿಗೂ ಸಿಗುವುದು ಒಂದು ಪಾಯಿಂಟ್. ಮೇಲಿನಿಂದ ಒತ್ತುವ ಎದುರಾಳಿಗೆ ಅಷ್ಟೇ ಉದ್ದದ ಗೋಡೆ. ಬದುಕಿಗಾಗಿ ತೆವಳಲೇಬೇಕಾದರೆ ಹಳೆಯ ಲೆಕ್ಕ ನೆನಪಿರಲಿ: ಬದಿಯ ಎರಡನೇ ಗೆರೆಯಲ್ಲಿ ಆರು ಕಾಯಿಯ ಸಾಲು ಸಾಯುತ್ತದೆ, ಎಂಟರದು ಬದುಕುತ್ತದೆ, ಏಳಾದರೆ ಯಾರ ಸರದಿಯೋ ಅವರದು. ಮೂಲೆಯಲ್ಲಿ ನಾಲ್ಕು ಸಾಯುತ್ತದೆ, ಆರು ಬದುಕುತ್ತದೆ. ನೆಲ ಮೊದಲೇ ತೆಗೆದುಕೊಂಡವರು ಕೊನೆಗೆ ಎದುರಾಳಿಯ ಪ್ರಭಾವದೊಳಗೆ ಬದುಕಿ ತೋರಿಸಬೇಕಾಗುತ್ತದೆ; ಜಪಾನಿನವರು ಇದನ್ನು ಶಿನೋಗಿ ಎನ್ನುತ್ತಾರೆ. ಹಾಗಾಗಿ ಜೀವ-ಸಾವಿನ ಸಮಸ್ಯೆಗಳು ಇವರಿಗೆ ನಿತ್ಯದ ಊಟ. ದಿನಕ್ಕೆ ಹತ್ತು ಸಾಕು, ಆದರೆ ಕಾಯಿ ಮುಟ್ಟದೆ ಮನಸ್ಸಿನಲ್ಲೇ ಕೊನೆಯವರೆಗೂ ಬಿಡಿಸಬೇಕು. ಒಂದರ ಮೇಲೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಆ ಪುಸ್ತಕ ನಿಮಗೆ ಇನ್ನೂ ಕಷ್ಟ, ಸುಲಭದ್ದನ್ನು ತೆಗೆದುಕೊಳ್ಳಿ.

ಪ್ರಭಾವದ ಆಟಗಾರರು ಸೋಲುವುದು ಗೋಡೆಯ ಬುಡದಲ್ಲೇ ನೆಲ ಮಾಡಲು ಹೋಗಿ. ಎರಡು ಕಾಯಿ ಎತ್ತರದ ಗೋಡೆಯಿಂದ ಮೂರು ಮನೆ ಬಿಟ್ಟು, ಮೂರು ಕಾಯಿಯದರಿಂದ ನಾಲ್ಕು ಮನೆ ಬಿಟ್ಟು ಹರಡುವುದು ಲೆಕ್ಕ. ಅದಕ್ಕಿಂತ ಹತ್ತಿರ ಆಡಿದರೆ ಕಾಯಿಗಳು ಒಂದರ ಮೇಲೊಂದು ಬಿದ್ದು ದಂಡ. ಗೋಡೆಯ ಕೆಲಸ ಎದುರಾಳಿಯನ್ನು ಅದರತ್ತ ಅಟ್ಟುವುದು. ಅಂದರೆ ದಾಳಿಯ ನಡೆ ಗೋಡೆಯ ಎದುರು ದಿಕ್ಕಿನಿಂದ ಬರಬೇಕು. ಓಡುವ ಗುಂಪಿಗೆ ತಗುಲಿ ಆಡಬೇಡಿ, ತಗುಲಿದರೆ ಅದು ಬಲವಾಗುತ್ತದೆ. ಕುದುರೆ ನಡೆಯಲ್ಲಿ ದೂರದಿಂದ ಮುಚ್ಚುತ್ತಾ ಹೋಗಿ. ಇನ್ನೊಂದು ತಪ್ಪು ಕಾಯುತ್ತಾ ಕೂರುವುದು. ಎದುರಾಳಿ ಒಳಗೆ ಬಂದಾಗ ಸಿಟ್ಟಾಗಿ ಇಡೀ ಮೊಯೊ ಉಳಿಸಿಕೊಳ್ಳಲು ಹೋದರೆ ಎರಡು ಕಡೆಯೂ ಹೋಗುತ್ತದೆ. ಒಂದು ಅರ್ಧ ಕೊಡಿ, ಇನ್ನೊಂದು ಅರ್ಧವನ್ನು ದಾಳಿಯ ನೆಪದಲ್ಲಿ ಗಟ್ಟಿ ಮಾಡಿ.

ಹೊಡೆದಾಟದವರಿಗೆ ಕಡಿಯುವ ಮುನ್ನ ಎಣಿಕೆ ಕಡ್ಡಾಯ. ಕಡಿಯುವ ಕಾಯಿಗೆ ಉಸಿರು ಎಷ್ಟು, ಅಂದರೆ ಅದಕ್ಕೆ ತಾಗಿದ ಖಾಲಿ ಬಿಂದುಗಳು ಎಷ್ಟು? ಎದುರಾಳಿಯ ಎರಡು ಭಾಗಗಳಿಗೆ ತಲಾ ಎಷ್ಟು? ಶಿಚೋ, ಅಂದರೆ ಏಣಿಯಂತೆ ಅಟ್ಟಿಸಿ ಹಿಡಿಯುವ ದಾರಿ, ಯಾರ ಪರವಾಗಿದೆ? ಏಣಿ ಹೋಗುವ ದಿಕ್ಕಿನ ಮೂಲೆಯಲ್ಲಿ ಯಾರ ಕಾಯಿ ಇದೆ? ಕಡಿದ ಮೇಲೆ ನಿಮ್ಮದೇ ಎಷ್ಟು ಗುಂಪು ಬೇರ್ಪಡುತ್ತವೆ? ಕೊನೆಯ ಪ್ರಶ್ನೆಗೆ ಉತ್ತರ ಎರಡು ಎಂದಾಗಿ, ಎರಡಕ್ಕೂ ಕಣ್ಣಿಲ್ಲದಿದ್ದರೆ ಕಡಿಯಬೇಡಿ. ಒಂದನ್ನು ಕಾಯುವಾಗ ಇನ್ನೊಂದು ಸಾಯುತ್ತದೆ. ಒಂದೇ ದುರ್ಬಲ ಗುಂಪು ಇಟ್ಟುಕೊಂಡು ಎದುರಾಳಿಗೆ ಎರಡು ಉಳಿಸುವುದೇ ಒಳ್ಳೆಯ ಹೊಡೆದಾಟದ ಅಳತೆ. ಹೆಜ್ಜೆ 2ರ ಮೂರನೇ ಕಂಬ ಇದಕ್ಕಾಗಿಯೇ ಇರುವುದು. ಗುಂಪು ಬದುಕಿಹೋದರೂ ಬೇಸರ ಬೇಡ, ಓಡಿಸುವಾಗ 15 ಪಾಯಿಂಟ್ ಬದಿ ಗಟ್ಟಿಯಾಗಿದ್ದರೆ ದಾಳಿ ಗೆದ್ದಂತೆ.

ಶಾಂತ ಆಟಗಾರರ ಸೋಲು ಎಣಿಸದಿರುವುದರಿಂದ. 50, 100, 150ನೇ ನಡೆಗಳಲ್ಲಿ ಎಣಿಸುವ ರೂಢಿ ಮಾಡಿಕೊಳ್ಳಿ, ಎದುರಾಳಿ ಯೋಚಿಸುವ ಹೊತ್ತಿನಲ್ಲಿ. ಖಚಿತವಾದ ನೆಲವನ್ನು ಮಾತ್ರ ಎರಡೆರಡಾಗಿ ಎಣಿಸಿ, ಬಿಳಿಗೆ ಕೊಮಿ ಸೇರಿಸಿ. ಹತ್ತು ಪಾಯಿಂಟ್ ಮುಂದಿದ್ದರೆ ಶಾಂತವಾಗಿರಿ. ಹತ್ತು ಹಿಂದಿದ್ದರೆ ಶಾಂತವಾಗಿರುವುದು ಸೋಲೊಪ್ಪಿದಂತೆಯೇ. ಎದುರಾಳಿ ಇನ್ನೊಂದು ಕಾಯಿ ಇಟ್ಟು ಮುಚ್ಚುವ ಮೊದಲು ಒಳಗೆ ಇಳಿಯಬೇಕು. ಕೊನೆಯಾಟದ ಕೆಲವು ಬೆಲೆಗಳು ಬಾಯಿಪಾಠವಿರಲಿ. ಎರಡನೇ ಗೆರೆಯಿಂದ ಮೊದಲ ಗೆರೆಗೆ ಉದ್ದಕ್ಕೆ ಜಾರುವ 'ಮಂಗನ ಜಿಗಿತ' ಸಾಮಾನ್ಯವಾಗಿ 8 ಪಾಯಿಂಟ್‌ನಷ್ಟು ತಿನ್ನುತ್ತದೆ, ಅದರ ಮೇಲೆ ಸೆಂಟೆಯೂ, ಅಂದರೆ ಮುಂದಿನ ಸರದಿಯೂ, ಉಳಿಯುತ್ತದೆ. ಇದನ್ನು ಎದುರಾಳಿಗೆ ಬಿಟ್ಟು ಎರಡು ಪಾಯಿಂಟ್‌ನ ನಡೆ ಆಡುವವರು ಡಾನ್ ಹತ್ತಿರದಲ್ಲೂ ಇದ್ದಾರೆ.

ಹೆಜ್ಜೆ 7: ತಿಂಗಳಿಗೆ ಹತ್ತು ಆಟ ವಿರುದ್ಧ ಕೈಯಲ್ಲಿ

ನೆಲದವರು ಮೂರು ಚುಕ್ಕೆಯಿಂದ, ಪ್ರಭಾವದವರು ಎರಡು ಶಿಮಾರಿಯಿಂದ, ಹೊಡೆದಾಟದವರು ಮೊದಲ 80 ನಡೆಗಳಲ್ಲಿ ತಾವಾಗಿ ಕಡಿಯದೆ ಆಡಿ. ದರ್ಜೆಗೆ ಲೆಕ್ಕವಿಲ್ಲದ ಆಟಗಳಾಗಿರಲಿ, ಸೋಲು ಹೆಚ್ಚಾಗುವುದು ಖಂಡಿತ. ಇದರಿಂದ ಎರಡು ಸಿಗುತ್ತವೆ: ನಿಮ್ಮ ಶೈಲಿಯ ಎದುರು ಕೂತವರಿಗೆ ಎಲ್ಲಿ ಕಷ್ಟವಾಗುತ್ತದೆಂಬ ಅರಿವು, ಮತ್ತು ಆಟ ಬೇರೆ ದಾರಿ ಹಿಡಿದಾಗ ಹೆದರದ ಮನಸ್ಸು.

ಇದರ ಬೆಲೆ ತಿಳಿಯಲು 2016ರ ಮಾರ್ಚ್ 13ರ ಆಟ ನೋಡಿ. ಲೀ ಸೆಡೋಲ್ ಹೆಸರಾಂತ ಹೊಡೆದಾಟದ ಆಟಗಾರ. ಆಲ್ಫಾಗೋ ಎದುರು ಮೊದಲ ಮೂರು ಆಟ ಸೋತು, ನಾಲ್ಕನೆಯದರಲ್ಲಿ ಅವರು ಮೂಲೆ ಬದಿಗಳ ನೆಲ ತೆಗೆದುಕೊಂಡು ನಡುಮಣೆಯನ್ನು ಯಂತ್ರಕ್ಕೆ ಬಿಟ್ಟರು. ಆಮೇಲೆ 78ನೇ ನಡೆಯಲ್ಲಿ ಅದರ ನಡುವಿಗೇ ಬೆಣೆ ಹೊಡೆದು ಗೆದ್ದರು. ಐದು ಆಟಗಳ ಆ ಪಂದ್ಯದಲ್ಲಿ ಮನುಷ್ಯ ಗೆದ್ದದ್ದು ಅದೊಂದೇ ಆಟ, ಅದರ ಯೋಜನೆ ಚೋ ಚಿಕುನ್ ಅವರ ಬಗೆಯದು; ಕೊನೆಯ ಏಟು ಮಾತ್ರ ಪೂರ್ತಿ ಲೀ ಸೆಡೋಲ್ ಅವರದೇ.

ಹೆಜ್ಜೆ 8: ಆರು ತಿಂಗಳಿಗೊಮ್ಮೆ ಮತ್ತೆ ಎಣಿಕೆ

ಹೊಸ 20 ಆಟ, ಅದೇ ಐದು ಕಂಬ, ಅದೇ ಕಟಾಗೋ ವಿಂಗಡಣೆ. ಎರಡನ್ನು ಹೋಲಿಸಿ. ಒಲವಿನ ನಡೆಗಳಲ್ಲಿ 1 ಪಾಯಿಂಟ್ ಒಳಗಿನವು ಹೆಚ್ಚಾಗಿದ್ದರೆ ಶೈಲಿ ಗಟ್ಟಿಯಾಗುತ್ತಿದೆ. ಒಲವು ಅಷ್ಟೇ ಇದ್ದು ನಷ್ಟವೂ ಅಷ್ಟೇ ಇದ್ದರೆ ಆರನೇ ಹೆಜ್ಜೆಯ ನಿಮ್ಮ ಭಾಗಕ್ಕೆ ವಾಪಸಾಗಿ, ಆರಂಭ ಬದಲಿಸಬೇಡಿ. ಒಲವೇ ಬದಲಾಗಿದ್ದರೆ ಗಾಬರಿ ಬೇಡ. ಎದುರಾಳಿಗಳ ಗುಂಪುಗಳನ್ನು ಕೊಂದೇ ಹೆಸರಾದ ಕಾತೊ ಮಸಾವೊ ಮುಂದೆ ಕೊನೆಯಾಟದಲ್ಲಿ ಸಣ್ಣ ಅಂತರದಿಂದ ಗೆಲ್ಲುವವರಾದರು. 2002ರಲ್ಲಿ 55ನೇ ವಯಸ್ಸಿನಲ್ಲಿ ಮತ್ತೆ ಹೋನಿನ್‌ಬೋ ಆದರು. ಹೊಸ ಒಲವು 1 ಪಾಯಿಂಟ್ ಒಳಗೇ ಇದೆಯಾದರೆ ಐದನೇ ಹೆಜ್ಜೆಯಲ್ಲಿ ಅದಕ್ಕೆ ಹೊಂದುವ ಆರಂಭ ಆರಿಸಿಕೊಂಡು ಮುಂದಿನ ಮೂವತ್ತು ಆಟ ಶುರುಮಾಡಿ. ಹಳೆಯ ನೋಟ್‌ಬುಕ್ ಎಸೆಯಬೇಡಿ, ಮೂರನೇ ಸಲ ಎಣಿಸುವಾಗ ಎರಡೂ ಬೇಕಾಗುತ್ತವೆ.